ಭೂಮಿ ನಮ್ಮದು, ಚಿಟ್ಟಾ ಯಾರ ಹೆಸರಲ್ಲಿ?

ಹೊಸೂರು, ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ, ಶೂಲಗಿರಿ, ಅಂಚೆಟ್ಟಿ ಕಡೆಯ ಹುಡುಗ ಹುಡುಗಿಯರೇ, ಇವತ್ತು ಬೋರ್ಡಿನ ವಿಷಯ ಅಲ್ಲ. ಬಸ್ ಸ್ಟ್ಯಾಂಡಿನ ಬೋರ್ಡಲ್ಲಿ ಕನ್ನಡ ಇದೆಯೋ ಇಲ್ಲವೋ ಅನ್ನೋ ಜಗಳ ಇದ್ದೇ ಇರುತ್ತೆ, ಅದರಲ್ಲಿ ನಾನೂ ನಿಮ್ಮ ಜೊತೆಗಿದ್ದೀನಿ. ಇವತ್ತಿನ ವಿಷಯ ದುಡ್ಡಿನದ್ದು. ನೀರು ಉಳಿಸಿ, ಮಣ್ಣು ಉಳಿಸಿ, ಬದುವಿನ ಮೇಲೆ ಮರ ಬೆಳೆಸಿ ಅಂತ ಸರ್ಕಾರ ಜಮೀನಿನ ಮಾಲೀಕರಿಗೆ ಕೊಡೋ ದುಡ್ಡು. ಅದು ನಮ್ಮ ಊರಿನ ತನಕ ಬಂದು, ಎಷ್ಟೋ ಮನೆಗಳಲ್ಲಿ ಹೆಸರು ಸರಿ ಇಲ್ಲ ಅಂತ ವಾಪಸ್ ಹೋಗ್ತಾ ಇದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಬಿ.ಕಾಂ. ಓದಿದವನು, ಕೃಷಿ ವಿಜ್ಞಾನಿ ಅಲ್ಲ. ಆದರೆ ರೈತನಿಗೆ ಬರೋ ದುಡ್ಡು ಕೊನೆಗೆ ಬಂದು ನಿಲ್ಲೋದು ನಮ್ಮ ಕೌಂಟರಿನ ಮುಂದೆ. ಬರದೇ ಇರೋ ದುಡ್ಡಿಗೆ ಬೈಗುಳ ಬಂದು ನಿಲ್ಲೋದೂ ಅಲ್ಲೇ. ಹಾಗಾಗಿ ಈ ವಿಷಯ ಮಾತಾಡೋಕೆ ನನಗೂ ಸ್ವಲ್ಪ ಹಕ್ಕಿದೆ ಅಂದುಕೊಳ್ತೀನಿ.

ಮೊದಲು ಏನೇನು ಸಿಗುತ್ತೆ ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಜನಕ್ಕೆ ಅದೇ ಗೊತ್ತಿಲ್ಲ. ಡ್ರಿಪ್, ಅಂದ್ರೆ ಹನಿ ನೀರಾವರಿ. ಕೇಂದ್ರದ ನಿಯಮದ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ 55 ಪರ್ಸೆಂಟ್ ಸಬ್ಸಿಡಿ, ಉಳಿದವರಿಗೆ 45. ತಮಿಳುನಾಡು ಸರ್ಕಾರ ಅದರ ಮೇಲೆ ತನ್ನ ಕೈಯಿಂದ ಸೇರಿಸಿ ಸಣ್ಣ ರೈತರಿಗೆ ನೂರಕ್ಕೆ ನೂರು, ಮಿಕ್ಕವರಿಗೆ 75 ಮಾಡಿದೆ. ನೂರಕ್ಕೆ ನೂರು! ಐದು ಎಕರೆಯೊಳಗೆ ಜಮೀನಿರೋ ರೈತ ನಿಗದಿ ದರದೊಳಗೆ ಒಂದು ರೂಪಾಯಿ ಹಾಕದೇ ತನ್ನ ಹೊಲಕ್ಕೆ ಪೈಪು ಹಾಸಿಸಿಕೊಳ್ಳಬಹುದು. ಈ ಒಂದು ವಿಷಯದಲ್ಲಿ ತಮಿಳುನಾಡು ಸರ್ಕಾರವನ್ನ ಹೊಗಳಲೇಬೇಕು, ನಾನು ಹೊಗಳ್ತೀನಿ. ಇದರ ಜೊತೆಗೆ ಮೋಟಾರಿಗೆ, ಪೈಪ್‌ಲೈನಿಗೆ, ನೀರಿನ ತೊಟ್ಟಿಗೆ ಬೇರೆ ಸಹಾಯಧನ ಇದೆ. ಹೊಲದ ಬದುವಲ್ಲಿ ನೆಡೋಕೆ ಅರಣ್ಯ ಇಲಾಖೆಯ ನರ್ಸರಿಯಿಂದ ಪುಕ್ಕಟೆ ಸಸಿ ಕೊಟ್ಟು, ಬದುಕಿ ಉಳಿದ ಗಿಡಕ್ಕೆ ಆಮೇಲಿನ ವರ್ಷಗಳಲ್ಲಿ ಗಿಡಕ್ಕೆ ಇಷ್ಟು ಅಂತ ಪ್ರೋತ್ಸಾಹಧನ ಕೊಡೋ ಯೋಜನೆಯನ್ನ 2021ರಲ್ಲಿ ಶುರು ಮಾಡಿದರು. ಇವೆಲ್ಲದರ ಪಕ್ಕದಲ್ಲಿ ಪಿ.ಎಂ. ಕಿಸಾನ್. 2019ರ ಫೆಬ್ರವರಿಯಿಂದ ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಅದು ನೀರು ಮಣ್ಣು ಉಳಿಸೋ ದುಡ್ಡಲ್ಲ, ಆದರೆ ಅದೂ ಅದೇ ಬಾಗಿಲಿಂದ ಬರೋದು, ಅದೇ ಬೀಗದ ಹಿಂದೆ ಸಿಕ್ಕಿಹಾಕಿಕೊಳ್ಳೋದು. ಅದಕ್ಕೇ ಸೇರಿಸಿ ಹೇಳ್ತಾ ಇದ್ದೀನಿ.

ಆ ಬೀಗದ ಹೆಸರು ಚಿಟ್ಟಾ.

ಯಾವ ಅರ್ಜಿ ಬೇಕಾದ್ರೂ ತೆಗೆದು ನೋಡಿ. ಚಿಟ್ಟಾ, ಅಡಂಗಲ್, ಸರ್ವೆ ನಕ್ಷೆ, ತಹಸೀಲ್ದಾರರ ಸಿರು-ಕುರು ವಿವಸಾಯಿ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ಎಲ್ಲದರ ಬುಡದಲ್ಲಿ ಒಂದೇ ಪ್ರಶ್ನೆ: ಪಟ್ಟಾ ಯಾರ ಹೆಸರಲ್ಲಿದೆ? ಉಳೋನು ಯಾರು ಅಂತ ಯಾರೂ ಕೇಳಲ್ಲ. ಮಣ್ಣು ಹೊತ್ತವರು ಯಾರು, ಬೋರು ಬತ್ತಿದಾಗ ಅತ್ತವರು ಯಾರು ಅಂತ ಕೇಳಲ್ಲ. ಕಾಗದ ಏನು ಹೇಳುತ್ತೋ ಅವನೇ ರೈತ. ನಮ್ಮ ಹಳ್ಳಿಗಳಲ್ಲಿ ಕಾಗದ ಹೇಳೋ ಆ ರೈತ ಎಷ್ಟೋ ಕಡೆ ಸತ್ತು ಇಪ್ಪತ್ತು ಮೂವತ್ತು ವರ್ಷ ಆಗಿರುತ್ತೆ.

ಇದು ನಮ್ಮ ಜಿಲ್ಲೆಯಲ್ಲೇ ಆಗ್ತಿರೋದು ಎಂಥ ವಿಚಿತ್ರ ಅಂದ್ರೆ, ಒಬ್ಬೊಬ್ಬ ರೈತನಿಗೆ ಅವನದೇ ಪಟ್ಟಾ ಕೊಡೋ ಪದ್ಧತಿ ಬೆಳೆದದ್ದೇ ಈ ಕೃಷ್ಣಗಿರಿ ಸೀಮೆಯಲ್ಲಿ. 1792ರಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಅಲೆಕ್ಸಾಂಡರ್ ರೀಡ್ ಅನ್ನೋ ಅಧಿಕಾರಿ, ಅವನ ಕೈಕೆಳಗೆ ಥಾಮಸ್ ಮನ್ರೋ, ಇಲ್ಲಿ ಹೊಲ ಹೊಲ ಅಳೆದು, ಜಮೀನ್ದಾರನನ್ನ ಬಿಟ್ಟು ನೇರ ರೈತನ ಹತ್ತಿರ ಕಂದಾಯ ಕಟ್ಟಿಸಿಕೊಳ್ಳೋ ಲೆಕ್ಕ ಶುರು ಮಾಡಿದರು. ಅದೇ ರೈತವಾರಿ. ಹೊಸೂರು ದೇಂಕಣಿಕೋಟೆ ಕಡೆ 1799ರಲ್ಲಿ ಟಿಪ್ಪು ಸತ್ತ ಮೇಲೆ ಅವರ ಕೈಗೆ ಹೋಯ್ತು. ಆ ಮನ್ರೋನೇ ಆಮೇಲೆ ಮದ್ರಾಸಿನ ಗವರ್ನರ್ ಆಗಿ ಈ ಪದ್ಧತಿಯನ್ನ ಇಡೀ ಪ್ರಾಂತ್ಯಕ್ಕೆ ಹರಡಿದ. ಅವರು ಮಾಡಿದ್ದು ಕಂದಾಯದ ಆಸೆಗೆ, ನಮ್ಮ ಮೇಲಿನ ಪ್ರೀತಿಗೇನೂ ಅಲ್ಲ. ಆದರೂ ಯಾವ ನೆಲದಲ್ಲಿ ರೈತನ ಹೆಸರಿಗೆ ಕಾಗದ ಕೊಡೋದು ಶುರುವಾಯ್ತೋ ಅದೇ ನೆಲದಲ್ಲಿ ಇನ್ನೂರ ಮೂವತ್ತು ವರ್ಷ ಆದಮೇಲೂ ಮೊಮ್ಮಗ ತಾತನ ಹೆಸರಿನ ಚಿಟ್ಟಾ ಹಿಡಿದುಕೊಂಡು ಅಲೀತಾ ಇದ್ದಾನೆ.

ಯಾಕೆ ಹೀಗೆ? ತಪ್ಪು ಸರ್ಕಾರದ್ದು ಅಂತ ಹೇಳಿ ಮುಗಿಸಿದ್ರೆ ಈ ಪೋಸ್ಟಿಗೆ ಲೈಕ್ ಜಾಸ್ತಿ ಬೀಳುತ್ತೆ. ಆದರೆ ಮೊದಲ ಕಾರಣ ನಮ್ಮ ಮನೆಯೊಳಗೇ ಇದೆ, ಅದನ್ನ ಹೇಳದೇ ಬಿಟ್ರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತೆ.

ಪಟ್ಟಾ ಬದಲಾಯಿಸಬೇಕಂದ್ರೆ ವಾರಿಸು ಸರ್ಟಿಫಿಕೇಟ್ ಬೇಕು. ವಾರಿಸು ಸರ್ಟಿಫಿಕೇಟಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತೆ. ಬರಲೇಬೇಕು. ತಮಿಳುನಾಡಲ್ಲಿ 1989ರಿಂದಲೇ ಹಿಂದೂ ಮನೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಕೊಟ್ಟ ಕಾನೂನಿದೆ. ಕರ್ನಾಟಕಕ್ಕೆ ಅದು ಬಂದಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅಂದ್ರೆ ನಮ್ಮ ಅಕ್ಕ ತಂಗಿಯರಿಗೆ ಆನೇಕಲ್ಲಿನವರಿಗಿಂತ ಮುಂಚೆಯೇ ಇಲ್ಲಿ ಹಕ್ಕು ಸಿಕ್ಕಿತ್ತು. ಅಣ್ಣತಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಸುಮ್ಮನಿರ್ತಾರೆ. ಪಟ್ಟಾ ಮುಟ್ಟಿದ್ರೆ ಅಕ್ಕನ ಹೆಸರು ಬರುತ್ತೆ, ಅಕ್ಕನ ಹೆಸರು ಬಂದ್ರೆ ಭಾವ ಬರ್ತಾನೆ, ಭಾವ ಬಂದ್ರೆ ಪಾಲು ಕೇಳ್ತಾನೆ. ಬೇಡಪ್ಪ, ತಾತನ ಹೆಸರಲ್ಲೇ ಇರಲಿ, ಉಳೋದು ನಾವೇ ತಾನೆ ಅನ್ನೋ ಲೆಕ್ಕ. ಹಬ್ಬಕ್ಕೆ ಸೀರೆ ಉಡಿಸಿ, ಮಡಿಲು ತುಂಬಿ ಕಳಿಸೋದು, ಚಿಟ್ಟಾದಲ್ಲಿ ಮಾತ್ರ ಅವಳ ಹೆಸರು ಬರದ ಹಾಗೆ ನೋಡಿಕೊಳ್ಳೋದು. ಈ ಜಾಣತನಕ್ಕೆ ಬೆಲೆ ಏನು ಗೊತ್ತಾ? ನೂರಕ್ಕೆ ನೂರರ ಡ್ರಿಪ್ ಹೋಯ್ತು. ಪಿ.ಎಂ. ಕಿಸಾನ್ ಹೋಯ್ತು. ಕಿಸಾನ್ ಕ್ರೆಡಿಟ್ ಕಾರ್ಡಿನ ಬಡ್ಡಿ ರಿಯಾಯಿತಿ ಹೋಯ್ತು, ಅದಕ್ಕೂ ಪಟ್ಟಾನೇ ಬೇಕು. ಅಕ್ಕನಿಗೆ ಕೊಡೋದನ್ನ ತಪ್ಪಿಸೋಕೆ ಹೋಗಿ ತಮಗೆ ಬರೋದನ್ನೂ ತಪ್ಪಿಸಿಕೊಂಡರು.

ಇನ್ನು ಕೂಟು ಪಟ್ಟಾ. ತಾತನ ಹನ್ನೆರಡು ಎಕರೆ, ಆರು ಜನ ವಾರಸುದಾರರು ಅಂದುಕೊಳ್ಳಿ. ಬಾಯಿಮಾತಲ್ಲಿ ತಲೆಗೆ ಎರಡೆರಡು ಎಕರೆ ಹಂಚಿಕೊಂಡು, ಮಧ್ಯೆ ಬದು ಹಾಕಿಕೊಂಡು, ರಾಗಿ ಬೆಳೀತಾ ಇದ್ದಾರೆ. ಕಾಗದದಲ್ಲಿ ಮಾತ್ರ ಆರೂ ಹೆಸರು ಒಟ್ಟಿಗೆ, ಹನ್ನೆರಡೂ ಎಕರೆ ಒಟ್ಟಿಗೆ. ಯಾವ ಮೂಲೆ ಯಾರದ್ದು ಅಂತ ಕಾಗದ ಹೇಳಲ್ಲ. ಈಗ ಒಬ್ಬ ಡ್ರಿಪ್ಪಿಗೆ ಹೋದ್ರೆ ಉಳಿದ ಐವರ ಒಪ್ಪಿಗೆ ತಾ ಅಂತಾರೆ. ಒಬ್ಬ ಬೆಂಗಳೂರಲ್ಲಿ, ಒಬ್ಬನ ಜೊತೆ ಮಾತಿಲ್ಲ, ಒಬ್ಬ ತೀರಿಕೊಂಡಿದ್ದಾನೆ. ಎರಡೇ ಎಕರೆಯ ಬಡ ರೈತ ತಾನು ಬಡ ರೈತ ಅಂತ ಸಾಬೀತು ಮಾಡೋಕೆ ಆಗದೇ ಕೂತ್ಕೋತಾನೆ. ಸರ್ವೆ ಮಾಡಿಸಿ ಉಪವಿಭಾಗ ಮಾಡಿಸಿಕೊಂಡ್ರೆ ಮುಗೀತು. ಆದರೆ ಸರ್ವೆಯರ್ ಬರಬೇಕು, ಬಂದಾಗ ಆರೂ ಜನ ಹೊಲದಲ್ಲಿ ನಿಂತಿರಬೇಕು. ಆ ಯೋಗ ಯಾವಾಗ ಕೂಡಿ ಬರುತ್ತೋ!

ಮನೆಯೊಳಗಿನ ತಪ್ಪು ಇಷ್ಟು. ಇನ್ನು ಸರ್ಕಾರದ ಕಡೆ ಬರೋಣ.

ನಮ್ಮ ಹೆಸರುಗಳು ಕನ್ನಡದವು. ಕಂದಾಯ ದಾಖಲೆ ತಮಿಳಿನಲ್ಲಿ. ಆಧಾರ್ ಹೊಂದಿಸಿ ನೋಡೋದು ಇಂಗ್ಲಿಷಿನಲ್ಲಿ. ಒಂದೇ ಮನುಷ್ಯ ಮೂರು ಲಿಪಿ ದಾಟಿ ಬರೋಷ್ಟರಲ್ಲಿ ಮೂರು ಮನುಷ್ಯ ಆಗಿರ್ತಾನೆ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಒಂದೇ. ತ, ದ ಒಂದೇ. ಟ, ಡ ಒಂದೇ. ಅದು ಆ ಲಿಪಿಯ ಸ್ವಭಾವ, ಅದನ್ನ ಹೀಯಾಳಿಸೋಕೆ ಹೋಗಬೇಡಿ. ತಮಿಳು ಓದುವವರಿಗೆ ಎಲ್ಲಿ ಹೇಗೆ ಉಚ್ಚರಿಸಬೇಕು ಅಂತ ಗೊತ್ತಿರುತ್ತೆ. ತೊಂದರೆ ಆಗೋದು ಅದನ್ನ ಕಂಪ್ಯೂಟರಲ್ಲಿ ಇಂಗ್ಲಿಷಿಗೆ ತಿರುಗಿಸುವಾಗ. ಗಂಗಪ್ಪ ಕಂಗಪ್ಪ ಆಗ್ತಾನೆ. ಬೈರಪ್ಪ ಪೈರಪ್ಪ ಆಗ್ತಾನೆ. ಬಸಪ್ಪ ಪಸಪ್ಪ. ದೊಡ್ಡಯ್ಯ ತೊಟ್ಟಯ್ಯ. ಹನುಮಪ್ಪನ ಹಕಾರ ಹಾರಿಹೋಗಿ ಅನುಮಪ್ಪ, ಪಾಪ, ಹೆಸರಲ್ಲೇ ಅನುಮಾನ ಇಟ್ಟುಕೊಂಡು ಓಡಾಡ್ತಾನೆ. ಇದರ ಮೇಲೆ ಇನಿಷಿಯಲ್. ಪಾಸ್‌ಬುಕ್ಕಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಹಿಂದೆ, ಆಧಾರಲ್ಲಿ ಮುಂದೆ, ಚಿಟ್ಟಾದಲ್ಲಿ ಅಪ್ಪನ ಪೂರ್ತಿ ಹೆಸರು ಬೇರೆ ಕಾಲಂನಲ್ಲಿ.

ಎಂಬತ್ತರ ದಶಕದಲ್ಲಿ ಯು.ಡಿ.ಆರ್. ಅಂತ ಹಳೇ ದಾಖಲೆಗಳನ್ನೆಲ್ಲ ಹೊಸದಾಗಿ ಬರೆದರು. ಆಗ ಸೇರಿಕೊಂಡ ಹೆಸರಿನ ತಪ್ಪು, ಸರ್ವೆ ನಂಬರಿನ ತಪ್ಪು ತಮಿಳುನಾಡಿಗೆಲ್ಲ ತಲೆನೋವು, ನಮಗೊಬ್ಬರಿಗೇ ಅಲ್ಲ. ಆದರೆ ತಮಿಳು ಮನೆಯಲ್ಲಿ ಚಿಟ್ಟಾ ಬಂದ ದಿನವೇ ಯಾರಾದರೂ ಓದಿ, ಇದು ನಮ್ಮಪ್ಪನ ಹೆಸರಲ್ಲ ಅಂತ ಹೇಳಿರ್ತಾರೆ. ನಮ್ಮ ಮನೆಯಲ್ಲಿ ಓದೋರು ಯಾರಿದ್ದರು? ಕನ್ನಡ ಶಾಲೆಯಲ್ಲಿ ಓದಿದ ಅಪ್ಪ, ಓದೇ ಇಲ್ಲದ ಅಜ್ಜಿ. ಮಡಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ನಲವತ್ತು ವರ್ಷ ಆ ತಪ್ಪು ಪೆಟ್ಟಿಗೆಯಲ್ಲಿ ಆರಾಮಾಗಿ ಮಲಗಿತ್ತು.

ಈಗ ಎದ್ದಿದೆ. ಮೊದಲೆಲ್ಲ ವಿ.ಎ.ಒ. ಮುಖ ನೋಡಿ, ಊರಲ್ಲಿ ಕೇಳಿ, ಇವನೇ ಅವನು ಅಂತ ಬರೆದುಕೊಡ್ತಿದ್ದ. ಈಗ ಮೆಷಿನ್ನು. 2025ರಲ್ಲಿ ತಮಿಳುನಾಡಲ್ಲೂ ಪ್ರತಿ ರೈತನಿಗೆ ಪ್ರತ್ಯೇಕ ಗುರುತಿನ ನಂಬರ್ ಕೊಡೋ ಕೆಲಸ ಶುರು ಮಾಡಿದರು. ಆಧಾರ್, ಪಟ್ಟಾ, ಮೊಬೈಲ್ ಮೂರನ್ನೂ ಒಂದಕ್ಕೊಂದು ಗಂಟು ಹಾಕೋ ವ್ಯವಸ್ಥೆ ಅದು. ಮುಂದೆ ಎಲ್ಲ ಸವಲತ್ತಿಗೂ ಈ ನಂಬರೇ ಬಾಗಿಲು. ಕಳ್ಳರನ್ನ ತಡೆಯೋಕೆ ಇಂಥದ್ದು ಬೇಕು, ಒಪ್ತೀನಿ. 2020ರಲ್ಲಿ ಇದೇ ರಾಜ್ಯದಲ್ಲಿ ರೈತರೇ ಅಲ್ಲದ ಸುಮಾರು ಐದೂವರೆ ಲಕ್ಷ ಜನರನ್ನ ಪಿ.ಎಂ. ಕಿಸಾನ್ ಪಟ್ಟಿಗೆ ಸೇರಿಸಿ 110 ಕೋಟಿ ರೂಪಾಯಿ ಹೊಡೆದಿದ್ದು ನೆನಪಿರಬಹುದು. ಏಜೆಂಟರು, ಕಂಪ್ಯೂಟರ್ ಸೆಂಟರಿನವರು, ಗುತ್ತಿಗೆ ನೌಕರರು ಸೇರಿ ಮಾಡಿದ ಕೆಲಸ. ನೋಡಿ ಈ ವಿಪರ್ಯಾಸ: ಜಮೀನೇ ಇಲ್ಲದವನ ಹೆಸರು ಸರಿಯಾಗಿ ಹೊಂದಿತು, ಗಂಗಪ್ಪನ ಹೆಸರು ಹೊಂದಲಿಲ್ಲ. ಕಳ್ಳನಿಗೆ ಸ್ಪೆಲ್ಲಿಂಗ್ ತಪ್ಪೋದೇ ಇಲ್ಲ, ಯಾಕಂದ್ರೆ ಅವನ ಕಾಗದವನ್ನ ಬರೆಯೋನು ಅವನೇ.

ಹೆಸರು ಹೊಂದಿದ ಮೇಲೂ ಬ್ಯಾಂಕಿನಲ್ಲಿ ಒಂದು ಗಂಟಿದೆ, ಇದನ್ನ ನಾನು ಹೇಳದೇ ಇದ್ರೆ ಯಾರು ಹೇಳ್ತಾರೆ. ಆಧಾರ್ ಮೂಲಕ ಬರೋ ಸರ್ಕಾರಿ ದುಡ್ಡು ನೀವು ಅರ್ಜಿಯಲ್ಲಿ ಬರೆದ ಅಕೌಂಟಿಗೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಎನ್.ಪಿ.ಸಿ.ಐ. ಅನ್ನೋ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಊರಿಗೆ ಯಾವುದೋ ಕ್ಯಾಂಪು ಬಂದಿರುತ್ತೆ, ಝೀರೋ ಬ್ಯಾಲೆನ್ಸ್ ಅಕೌಂಟ್ ಅಂತ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿರ್ತಾರೆ. ದುಡ್ಡು ಅಲ್ಲಿಗೆ ಬೀಳ್ತಾ ಇರುತ್ತೆ. ಅಪ್ಪ ನಮ್ಮ ಕೌಂಟರಿಗೆ ಬಂದು, ‘ಎಲ್ಲಾರ್ಗೂ ಬಂದೈತಂತೆ, ನಂಗೆ ಯಾಕಪ್ಪ ಬಂದಿಲ್ಲ’ ಅಂತ ಕೇಳ್ತಿರ್ತಾರೆ. ಐದು ನಿಮಿಷದಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಹುಡುಕಿ ಹೇಳಬಹುದು. ಮೊಬೈಲಿಗೆ ಬಂದ ಓ.ಟಿ.ಪಿ. ಇದ್ರೆ ಆಧಾರ್ ವೆಬ್‌ಸೈಟಲ್ಲೇ ನೀವೇ ನೋಡಬಹುದು. ನಿಮ್ಮ ಅಪ್ಪಂದು ನೋಡಿದ್ದೀರಾ? ರೀಲ್ಸ್ ನೋಡೋಕೆ ಇರೋ ಡೇಟಾದಲ್ಲಿ ಇದಕ್ಕೆ ಅರ್ಧ ರೂಪಾಯಿಯೂ ಖರ್ಚಾಗಲ್ಲ.

ಹಾಗಾದರೆ ಹೊಸೂರು ಕಡೆ ಸಬ್ಸಿಡಿ ಯಾರಿಗೂ ಸಿಗ್ತಾ ಇಲ್ಲವಾ? ಸಿಗ್ತಾ ಇದೆ. ರಸ್ತೆ ಪಕ್ಕದ ಪಾಲಿಹೌಸುಗಳನ್ನ ನೋಡಿ. ಗುಲಾಬಿ, ಜರ್ಬೆರಾ, ಕ್ಯಾಪ್ಸಿಕಂ. ಅದಕ್ಕೆ ತೋಟಗಾರಿಕೆ ಮಿಷನ್ನಿಂದ ಅರ್ಧ ಖರ್ಚು ಸಬ್ಸಿಡಿ. ಹಿಂದಿನ ದರದಲ್ಲಿ ಒಂದು ಸಾವಿರ ಚದರ ಮೀಟರಿನ ಪಾಲಿಹೌಸಿಗೆ, ಅಂದ್ರೆ ಸುಮಾರು ಕಾಲು ಎಕರೆಗೆ, ಚದರ ಮೀಟರಿಗೆ 467 ರೂಪಾಯಿ 50 ಪೈಸೆ ಲೆಕ್ಕದಲ್ಲಿ 4,67,500 ರೂಪಾಯಿ. ನಾಲ್ಕು ಸಾವಿರ ಚದರ ಮೀಟರ್ ತನಕ ಕಟ್ಟಿಕೊಳ್ಳೋ ಅವಕಾಶ ಇತ್ತು. ನಾನು ಲೆಕ್ಕದವನು, ಲೆಕ್ಕ ಹಾಕದೇ ಇರೋಕಾಗಲ್ಲ. ವರ್ಷಕ್ಕೆ ಆರು ಸಾವಿರದ ಹಾಗೆ ಒಬ್ಬ ರಾಗಿ ರೈತ ಕಾಲು ಎಕರೆ ಪಾಲಿಹೌಸಿನ ಸಬ್ಸಿಡಿಯಷ್ಟು ದುಡ್ಡು ನೋಡಬೇಕಂದ್ರೆ 78 ವರ್ಷ ಬೇಕು. ಕಂತು ಒಂದೂ ತಪ್ಪದೇ ಬಂದ್ರೆ!

ಪಾಲಿಹೌಸಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಲ್ಲಿ ಕನ್ನಡದವರೂ ಇದ್ದಾರೆ, ಕಷ್ಟಪಟ್ಟು ದುಡಿಯೋರೂ ಇದ್ದಾರೆ, ನಷ್ಟ ಮಾಡಿಕೊಂಡು ಪ್ಲಾಸ್ಟಿಕ್ ಹರಿದು ನಿಂತವರೂ ಇದ್ದಾರೆ. ನಾನು ಹೇಳೋದು ಬೇರೆ. ಉಳಿದ ಅರ್ಧ ಖರ್ಚನ್ನ ಹಾಕೋ ತಾಕತ್ತು ಇರೋನಿಗೆ ಕಾಗದದ ತಾಕತ್ತೂ ಇರುತ್ತೆ. ಅವನ ಪಟ್ಟಾ ಸರಿ ಇರುತ್ತೆ, ಆಡಿಟರ್ ಇರ್ತಾನೆ, ಇಲಾಖೆಯಲ್ಲಿ ಹೆಸರು ಹಿಡಿದು ಮಾತಾಡಿಸೋರು ಇರ್ತಾರೆ. ಮಳೆ ನಂಬಿಕೊಂಡು ರಾಗಿ, ಅವರೆ, ಹುರುಳಿ ಹಾಕೋನು, ಅಂದ್ರೆ ನೆಲದ ನೀರನ್ನ ಎಲ್ಲರಿಗಿಂತ ಕಮ್ಮಿ ಖರ್ಚು ಮಾಡೋನು, ನೀರು ಉಳಿಸೋ ದುಡ್ಡಿನ ಸಾಲಲ್ಲಿ ಕೊನೆಗೆ ನಿಂತಿದ್ದಾನೆ. ಅಂಚೆಟ್ಟಿ ಕಡೆ ಆನೆ ರಾಗಿ ತಿಂದು ಹೋದ್ರೂ ಪರಿಹಾರಕ್ಕೆ ಅದೇ ಚಿಟ್ಟಾ, ಅದೇ ಅಡಂಗಲ್. ಆನೆ ಪಟ್ಟಾ ನೋಡಿ ನುಗ್ಗುತ್ತಾ?

ಕೆಲವರು ಕೇಳ್ತಾರೆ: ತಮಿಳುನಾಡಲ್ಲಿ ಇದ್ದೀರಿ, ತಮಿಳು ಕಲಿತುಕೊಳ್ಳಿ, ಮುಗೀತಲ್ಲ. ಕಲಿತಿದ್ದೀವಿ ಸ್ವಾಮಿ. ನಾನು ದಿನವಿಡೀ ತಮಿಳಲ್ಲೇ ವ್ಯವಹಾರ ಮಾಡ್ತೀನಿ, ನನ್ನ ಸ್ನೇಹಿತರಲ್ಲಿ ಅರ್ಧ ಜನ ತಮಿಳರು, ತೆಲುಗರು. 2006ರ ಕಾನೂನು ಬಂದ ಮೇಲೆ ಇಲ್ಲಿಯ ಮಕ್ಕಳು ತಮಿಳು ಓದ್ತಾನೇ ಇದ್ದಾರೆ. ಪ್ರಶ್ನೆ ಇರೋದು ಅರವತ್ತೈದು ವರ್ಷದ ರೈತಂದು. ಪಟ್ಟಾ ಇರೋದು ಅವರ ಹೆಸರಲ್ಲಿ, ಸಹಿ ಹಾಕಬೇಕಾದ್ದು ಅವರು. ತಾನು ಯಾವುದಕ್ಕೆ ಸಹಿ ಹಾಕ್ತಾ ಇದ್ದೀನಿ ಅಂತ ಓದೋಕೆ ಆಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಅನ್ನೋದು ಯಾವ ನ್ಯಾಯ? ಉಳವನ್ ಆಪ್ ತೆಗೆದು ನೋಡಿ, ತಮಿಳು ಇದೆ, ಇಂಗ್ಲಿಷ್ ಇದೆ. ಈ ಜಿಲ್ಲೆಯ ರೈತ ಮಾತಾಡೋ ಕನ್ನಡ ಇಲ್ಲ, ತೆಲುಗು ಇಲ್ಲ. ಡೆಲ್ಲಿಯವರು ಪಿ.ಎಂ. ಕಿಸಾನ್ ವಿಚಾರಿಸೋಕೆ ಮಾಡಿರೋ ಕಿಸಾನ್ ಇ-ಮಿತ್ರ ಈಗ ಕನ್ನಡದಲ್ಲೂ ಉತ್ತರ ಕೊಡುತ್ತೆ. ಡೆಲ್ಲಿಯ ಮೆಷಿನ್ನಿಗೆ ಬಂದ ಕನ್ನಡ ತಳಿಯ ಕೌಂಟರಿಗೆ ಯಾಕೆ ಬರಲ್ಲ?

ಇದು ದಯೆ ಕೇಳೋ ಮಾತೂ ಅಲ್ಲ. ಸಂವಿಧಾನದ 350ನೇ ವಿಧಿ ಓದಿ. ಕಷ್ಟ ಹೇಳಿಕೊಳ್ಳೋ ಮನವಿಯನ್ನ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. ಪ್ರತಿಯೊಬ್ಬರಿಗೂ. ಅಲ್ಲಿ ಪರ್ಸೆಂಟೇಜ್ ಮಾತೇ ಇಲ್ಲ. ಊರಲ್ಲಿ ಒಂದೇ ಕನ್ನಡದ ಮನೆ ಇದ್ರೂ ಆ ಮನೆಯವರು ಕನ್ನಡದಲ್ಲಿ ಅರ್ಜಿ ಕೊಡಬಹುದು. ಪರ್ಸೆಂಟೇಜ್ ಬರೋದು ಬೇರೆ ಕಡೆ. ಜಿಲ್ಲೆಯಲ್ಲೋ ಅದಕ್ಕಿಂತ ಕೆಳಗಿನ ಮಟ್ಟದಲ್ಲೋ 15 ಪರ್ಸೆಂಟ್ ಜನ ಒಂದು ಭಾಷೆ ಆಡ್ತಿದ್ರೆ ಮುಖ್ಯವಾದ ನಿಯಮ, ನೋಟಿಸುಗಳನ್ನ ಆ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡಿರೋ ರಕ್ಷಣೆಗಳಲ್ಲಿ ಒಂದು. ಇದನ್ನೆಲ್ಲ ನೋಡಿಕೊಳ್ಳೋಕೆ 1956ರ ತಿದ್ದುಪಡಿಯಲ್ಲಿ 350-ಬಿ ಸೇರಿಸಿ, 1957ರಿಂದ ಒಬ್ಬ ಕಮಿಷನರ್ ಅಂತಲೂ ಇಟ್ಟಿದ್ದಾರೆ. ದೇಂಕಣಿಕೋಟೆ, ತಳಿ ಕಡೆ 15 ಪರ್ಸೆಂಟೇನು, ಊರಿಗೆ ಊರೇ ಕನ್ನಡ ಆಡೋ ಹಳ್ಳಿಗಳಿವೆ. ಡ್ರಿಪ್ ಸಬ್ಸಿಡಿಯ ಒಂದು ಪುಟದ ನಿಯಮ ಆ ಹಳ್ಳಿಗಳಲ್ಲಿ ಕನ್ನಡದಲ್ಲಿ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ? (2027ರ ಜನಗಣತಿಗೆ ಬಂದಾಗ ತಾಯಿನುಡಿ ಕಾಲಂನಲ್ಲಿ ಕನ್ನಡ ಅಂತ ಬರೆಸಿ, ಬರೆದರೋ ಇಲ್ಲವೋ ಕಣ್ಣಾರೆ ನೋಡಿ. ಈ 15ರ ಲೆಕ್ಕ ಹುಟ್ಟೋದೇ ಅಲ್ಲಿ.)

ಇನ್ನೊಂದು ಮಾತು ಬರುತ್ತೆ, ಇದು ನಮ್ಮ ಓದಿದ ಹುಡುಗರ ಬಾಯಿಂದಲೇ: ಸಬ್ಸಿಡಿ ಅಂದ್ರೆ ಬಿಟ್ಟಿ ದುಡ್ಡು, ಬೇಡವೇ ಬೇಡ, ಜಮೀನು ಮಾರಿ ಬೇರೆ ನೋಡೋಣ. ಸಿಪ್ಕಾಟ್ ಇದೆ, ಫೋನ್ ಬಿಡಿಭಾಗದ ಫ್ಯಾಕ್ಟರಿ ಇದೆ, ವಿಮಾನ ನಿಲ್ದಾಣ ಬರುತ್ತಂತೆ, ಎಕರೆ ಬೆಲೆ ಏರ್ತಾ ಇದೆ. ಮಾರೋದು ಬಿಡೋದು ನಿಮ್ಮ ಇಷ್ಟ. ಆದರೆ ಗಮನಿಸಿ, ಮಾರೋಕೆ ಹೋದಾಗ ಮಾತ್ರ ತಾತನ ಹೆಸರಿನ ಚಿಟ್ಟಾ ಮೂರು ತಿಂಗಳಲ್ಲಿ ಸರಿಯಾಗುತ್ತೆ! ಬ್ರೋಕರ್ ಓಡಾಡ್ತಾನೆ, ವಾರಿಸು ಸರ್ಟಿಫಿಕೇಟ್ ಬರುತ್ತೆ, ಬೆಂಗಳೂರಿನ ತಮ್ಮ ಕಾರಿನಲ್ಲಿ ಬಂದು ಸಹಿ ಹಾಕ್ತಾನೆ, ಅಕ್ಕನಿಗೂ ಒಂದಿಷ್ಟು ಕೊಟ್ಟು ಸಹಿ ಹಾಕಿಸ್ತಾರೆ. ಉಳೋಕೆ ಆಗದ ಕೆಲಸ ಮಾರೋಕೆ ಹೇಗೆ ಆಯ್ತು?

ಬಿಟ್ಟಿ ದುಡ್ಡಿನ ಮಾತಿಗೆ ಬಂದ್ರೆ, ಜಮೀನಿನ ಮಾಲೀಕನಿಗೆ ಮಣ್ಣು ಉಳಿಸೋಕೆ ದುಡ್ಡು ಕೊಡೋದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. ಅಮೆರಿಕದಲ್ಲಿ 1985ರ ಕಾನೂನಿನಿಂದ ಶುರುವಾದ ಒಂದು ಯೋಜನೆಯಲ್ಲಿ ಮಣ್ಣು ಕೊಚ್ಚಿಹೋಗೋ ಹೊಲವನ್ನ ಹತ್ತರಿಂದ ಹದಿನೈದು ವರ್ಷ ಉಳದೇ ಹುಲ್ಲು ಮರ ಬೆಳೆಯೋಕೆ ಬಿಟ್ಟರೆ ಸರ್ಕಾರ ವರ್ಷ ವರ್ಷ ಬಾಡಿಗೆ ಕೊಡುತ್ತೆ. ಉಳದೇ ಇರೋಕೆ ಬಾಡಿಗೆ! ಅಲ್ಲೂ ನಮ್ಮದೇ ಕಥೆ ಇತ್ತು. ದಕ್ಷಿಣದ ಕರಿಯ ರೈತರ ಎಷ್ಟೋ ಜಮೀನು ವಿಲ್ಲು ಬರೆಯದೇ ಸತ್ತ ತಾತ ಮುತ್ತಾತನ ಹೆಸರಲ್ಲೇ ಉಳಿದು, ವಾರಸುದಾರರೆಲ್ಲ ಒಟ್ಟಿಗೆ ಮಾಲೀಕರಾಗಿ, ಯಾರಿಗೂ ಸರಿಯಾದ ಕಾಗದ ಇಲ್ಲದೇ ಸರ್ಕಾರದ ದುಡ್ಡಿನಿಂದ ಹೊರಗೆ ನಿಂತಿದ್ದರು. ಅವರು ಹೋರಾಡಿದರು. 2018ರ ಕೃಷಿ ಕಾನೂನಿನಲ್ಲಿ, ಪಕ್ಕಾ ಪಟ್ಟಾ ಇಲ್ಲದಿದ್ದರೂ ಬೇರೆ ದಾಖಲೆಗಳಿಂದ ತಾನು ಈ ವಾರಸು ಜಮೀನು ಉಳ್ತಾ ಇದ್ದೀನಿ ಅಂತ ತೋರಿಸಿದ್ರೆ ರೈತನ ನಂಬರ್ ಕೊಡಬೇಕು ಅಂತ ಆಯ್ತು. ನಾವು ಕೇಳಬೇಕಾದ್ದೂ ಅದೇ. ವಿ.ಎ.ಒ. ಅಡಂಗಲ್ ಬರೆಯುವಾಗ ಉಳೋನು ಯಾರು ಅಂತ ನೋಡಿ ಬರೆಯಲಿ. ಸಹ ವಾರಸುದಾರನಿಗೆ ತನ್ನ ಪಾಲಿನ ಮಟ್ಟಿಗೆ ಡ್ರಿಪ್ ಕೊಡಲಿ. ಹೆಸರಿನ ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ತಳ್ಳಿಹಾಕೋ ಮೊದಲು, ಕನ್ನಡ ತೆಲುಗು ಹೆಸರು ತಮಿಳಿನಲ್ಲಿ ಹೀಗೆ ಬದಲಾಗುತ್ತೆ ಅಂತ ಗೊತ್ತಿರೋ ಒಬ್ಬ ಮನುಷ್ಯ ಒಂದು ಸಲ ಕಣ್ಣಾಡಿಸಲಿ. ಕಾಲಭೈರವನ್ನೇನೂ ಕೆಳಗಿಳಿಸಿ ಅಂತ ಕೇಳ್ತಾ ಇಲ್ಲ.

ಇದನ್ನ ಕೇಳೋ ಜಾಗ ಫೇಸ್‌ಬುಕ್ ಅಲ್ಲ. ಪ್ರತಿ ವರ್ಷ ತಾಲೂಕು ಆಫೀಸಲ್ಲಿ ಜಮಾಬಂದಿ ನಡೆಯುತ್ತೆ, ಸಾಮಾನ್ಯವಾಗಿ ಮೇ ಜೂನ್ ಹೊತ್ತಿಗೆ. ಊರಿನ ಲೆಕ್ಕದ ಪುಸ್ತಕಗಳನ್ನೆಲ್ಲ ತಂದು ತೆಗೆದು ನೋಡೋ ದಿನಗಳವು, ಪಟ್ಟಾ ತಿದ್ದುಪಡಿಯ ಮನವಿಗೆ ಅದಕ್ಕಿಂತ ಒಳ್ಳೇ ಸಮಯ ಇಲ್ಲ. ಕಲೆಕ್ಟರ್ ಆಫೀಸಲ್ಲಿ ಸೋಮವಾರದ ಮನವಿ ದಿನ ಇದೆ, ತಿಂಗಳಿಗೊಂದು ರೈತರ ಕುಂದುಕೊರತೆ ಸಭೆ ಇದೆ. ನಮ್ಮ ಕನ್ನಡ ಸಂಘಟನೆಗಳ ಮುಖಂಡರು ಈ ರೈತರ ಸಭೆಗೆ ಎಷ್ಟು ಸಲ ಹೋಗಿದ್ದಾರೆ ಅಂತ ನೀವೇ ಕೇಳಿ. ನವೆಂಬರ್ ಒಂದಕ್ಕೆ ಬಾವುಟ ಹಾರಿಸೋಕೆ ಐವತ್ತು ಜನ ಸಿಗ್ತಾರೆ. ಮಿಕ್ಕ ಹನ್ನೊಂದು ತಿಂಗಳಲ್ಲಿ ಒಂದು ದಿನ ಒಬ್ಬ ಅಜ್ಜಿಯ ಜೊತೆ ತಹಸೀಲ್ದಾರ್ ಆಫೀಸಿಗೆ ಹೋಗೋಕೆ ಒಬ್ಬ ಸಿಗಲ್ಲ. ಹಾವೇರಿಯಿಂದಲೋ ಬೆಂಗಳೂರಿಂದಲೋ ಯಾರಾದರೂ ಬಂದು ಗಡಿ ಕನ್ನಡಿಗರನ್ನ ಉಳಿಸ್ತಾರೆ ಅಂತ ಕಾದದ್ದು ಸಾಕು. ಅವರು ಬರ್ತಾರೆ, ಶಾಲು ಹಾಕಿಸಿಕೊಳ್ತಾರೆ, ಅತ್ತಿಬೆಲೆ ದಾಟಿದ ಮೇಲೆ ಮರೀತಾರೆ.

ಹಾಗಾಗಿ ಈ ತಿಂಗಳು ಮಾಡಬೇಕಾದ ಕೆಲಸ ಇಷ್ಟು. ಮನೆಯ ಪೆಟ್ಟಿಗೆಯಲ್ಲಿರೋ ಚಿಟ್ಟಾ ತೆಗೆದು, ತಮಿಳು ಓದೋಕೆ ಬರೋ ನೀವು, ಅಪ್ಪನ ಮುಂದೆ ಗಟ್ಟಿಯಾಗಿ ಓದಿ. ಯಾರ ಹೆಸರು, ಎಷ್ಟು ಎಕರೆ, ಯಾವ ಸರ್ವೆ ನಂಬರ್. ಅಜ್ಜ ಅಜ್ಜಿ ತೀರಿಕೊಂಡಿದ್ರೆ ವಾರಿಸು ಸರ್ಟಿಫಿಕೇಟಿಗೆ ಇ-ಸೇವೈ ಸೆಂಟರಲ್ಲಿ ಅರ್ಜಿ ಹಾಕಿ, ಅತ್ತೆಯರ ಹೆಸರನ್ನೂ ಸೇರಿಸಿ, ಅವರಿಗೆ ಹೇಳಿಯೇ ಸೇರಿಸಿ. ಪಿ.ಎಂ. ಕಿಸಾನಿಗೆ ಜಮೀನು 2019ರ ಫೆಬ್ರವರಿ 1ಕ್ಕೆ ಮುಂಚೆ ಹೆಸರಲ್ಲಿ ಇರಬೇಕು ಅಂತ ನಿಯಮ ಇದೆ, ಆದರೆ ಮಾಲೀಕರು ಸತ್ತು ವಾರಸಿಗೆ ಬಂದಿದ್ರೆ ಅದಕ್ಕೆ ವಿನಾಯಿತಿ ಇದೆ. ಏಜೆಂಟ್ ಇದನ್ನ ಹೇಳಲ್ಲ, ಆಗಲ್ಲ ಅಂತ ಹೇಳಿ ಆಮೇಲೆ ಎರಡು ಸಾವಿರ ಕೇಳ್ತಾನೆ. ಹೆಸರಿನ ಅಕ್ಷರ ಬೇರೆ ಇದ್ರೆ ಆಧಾರ್ ತಿದ್ದೋಕೆ ಓಡಬೇಡಿ, ಮೊದಲು ಪಟ್ಟಾ ನೋಡಿ. ಆಧಾರ್ ತಿದ್ದಿದ್ರೆ ಬ್ಯಾಂಕು, ರೇಷನ್ ಕಾರ್ಡು, ಓಟರ್ ಐ.ಡಿ. ಎಲ್ಲ ಒಂದೊಂದಾಗಿ ಕೆಡುತ್ತೆ, ಎಷ್ಟೋ ಜನ ಹೀಗೆ ಒಂದು ತಪ್ಪು ಸರಿ ಮಾಡೋಕೆ ಹೋಗಿ ನಾಲ್ಕು ಮಾಡಿಕೊಂಡು ನಮ್ಮ ಹತ್ತಿರ ಬರ್ತಾರೆ. ಮನವಿ ಕನ್ನಡದಲ್ಲಿ ಬರೆಯಿರಿ, ಜೊತೆಗೆ ಅರ್ಧ ಪುಟ ತಮಿಳು ಸಾರಾಂಶ ಇಡಿ. ಓದೋ ಗುಮಾಸ್ತನೂ ನನ್ನ ಹಾಗೆ ಒಬ್ಬ ಗುಮಾಸ್ತನೇ, ಅವನಿಗೆ ಯಾಕೆ ತೊಂದರೆ ಕೊಡೋದು. ಕನ್ನಡದ ಪ್ರತಿ ತಗೊಳ್ಳಲ್ಲ ಅಂದ್ರೆ 350ನೇ ವಿಧಿ ಅಂತ ಮೆತ್ತಗೆ ಹೇಳಿ, ಜಗಳ ಬೇಡ. ಸೀಲು ಹಾಕಿದ ರಶೀದಿ ಇಲ್ಲದೇ ಮಾತ್ರ ವಾಪಸ್ ಬರಬೇಡಿ.

ಕನ್ನಡ, ತಮಿಳು ಎರಡೂ ಬರೆಯೋಕೆ ಬರೋರು ಯಾರ್ಯಾರು ಇದ್ದೀರಿ, ಯಾವ ಊರು ಅಂತ ಕೆಳಗೆ ಕಾಮೆಂಟಲ್ಲಿ ಹಾಕಿ. ಜಮಾಬಂದಿಗೆ ಮೊದಲು ಊರಿಗೆ ಒಬ್ಬರಂತೆ ಸಿಕ್ಕರೂ ಮನವಿ ಬರೆದುಕೊಡೋ ಕೆಲಸ ಆಗುತ್ತೆ, ಭಾನುವಾರ ನಾನೂ ಬಿಡುವಾಗಿರ್ತೀನಿ. ಚಿಟ್ಟಾದ ಫೋಟೋ, ಆಧಾರ್ ನಂಬರ್, ಪಾಸ್‌ಬುಕ್ಕಿನ ಮೊದಲ ಪುಟ ದಯವಿಟ್ಟು ಕಾಮೆಂಟಲ್ಲಿ ಹಾಕಬೇಡಿ. ಪಿ.ಎಂ. ಕಿಸಾನ್ ಕಂತು ನೋಡೋಕೆ ಅಂತ ವಾಟ್ಸಾಪಲ್ಲಿ ಬರೋ ಆಪ್ ಫೈಲನ್ನ ಅಪ್ಪನ ಫೋನಲ್ಲಿ ಯಾರಾದರೂ ಒತ್ತಿದ್ದಾರಾ ಅಂತಲೂ ಇವತ್ತೇ ನೋಡಿ, ಒತ್ತಿದ್ರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ.